ಪ್ರತಿಯೂ ಪ್ರತಿರೂಪಕವೂ

ಬೀದರ ತಾಲೂಕಿನ ಮನ್ನಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬಹುಕಾಲದಿಂದ ಎರಡೇ ಪಟಗಳಿದ್ದವು. ಒಂದು, ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಯ ಛಾಯಾಚಿತ್ರ. ಇನ್ನೊಂದು, ಅಜ್ಜನವರು ತಂದಿದ್ದ ರವಿವರ್ಮ ಮುದ್ರಣಾಲಯದ ಕಲ್ಲಚ್ಚಿನ ಸರಸ್ವತಿ. ಕಳೆದ ವರ್ಷ ಗೋಡೆಗಳಿಗೆ ಸುಣ್ಣ ಬಣ್ಣವಾದ ಮೇಲೆ ಮೂರನೆಯದೊಂದು ಸೇರಿತು. ಸೊಸೆಯ ಒತ್ತಾಸೆಯಿಂದ ನಾನೇ ಹಣ ತೆತ್ತು ಕೊಂಡ ಪಟವದು: ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ ಬರೆದ ನೈದಿಲೆಗೊಳದ ಮುದ್ರಿತ ಪ್ರತಿ. ಚೌಕಟ್ಟು ಸಹಿತ ನಾಲ್ಕು ಸಾವಿರ ರೂಪಾಯಿ.

ದೊಡ್ಡಪ್ಪನ ಮಗ ಅಣ್ಣನವರು ಬಂದು ಅದರ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ, "ತಮ್ಮಾ, ಬೇಳೆ ವ್ಯಾಪಾರದಾಗ ಇಷ್ಟು ವರ್ಷ ಒಂದು ಕಾಳು ಬೆರಕೆ ಮಾಡಲಿಲ್ಲ ಅಂತ ಹೇಳ್ತೀ. ಈಗ ಗೋಡೆಗೆ ನಕಲಿ ಮಾಲು ತೂಗಹಾಕಿದಿಯಲ್ಲ! ಇದು ಪ್ರತಿರೂಪಕ ವ್ಯವಹಾರ ಅಲ್ಲೇನು?" ಎಂದರು. ಅವರು ನಗುತ್ತಲೇ ಆಡಿದ ಮಾತಾದರೂ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಮೋಸ, ಕೊನೆಗೆ ಪ್ರತಿರೂಪಕ ವ್ಯವಹಾರ. ನಮ್ಮ ಜಿಲ್ಲೆಯ ವ್ಯಾಪಾರಸ್ಥರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆಸಿ ತೊಗರಿಯ ಬೆಲೆಗೆ ಮಾರಿದರೆ ಅದು ಪ್ರತಿರೂಪಕ. ಆದರೆ ಚಿತ್ರದ ಪ್ರತಿಯೂ ಹಾಗೆಯೇ ಆಗುವುದೇ?

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚನೆಪೂರ್ವಕವಾಗಿ ನಡೆಸುವ ವ್ಯವಹಾರವೆಂದು ಅರ್ಥ ಮಾಡಿದ್ದಾರೆ. ಇಲ್ಲಿ ವಂಚನೆಯೆಂಬ ಮಾತೇ ಪ್ರಧಾನವೆಂದು ನನಗೆ ತೋರುತ್ತದೆ. ಒಂದರಂತೆ ಇನ್ನೊಂದನ್ನು ಮಾಡುವುದು ದೋಷವಲ್ಲ. ಒಂದನ್ನು ಇನ್ನೊಂದೆಂದು ನಂಬಿಸುವುದು ದೋಷ. ಹಾಗಲ್ಲವಾದರೆ ನಮ್ಮ ಧರ್ಮದ ಚರಿತ್ರೆಯ ಅತಿ ದೊಡ್ಡ ದಾನಗಳಲ್ಲಿ ಒಂದನ್ನು ನಾವು ಹೊಗಳುವಂತಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಸಾವಿರದಲ್ಲಿ ಒಂದೂ ಕವಿಯ ಕೈಬರಹವಲ್ಲ. ಆದರೂ ಅದನ್ನು ಪಡೆದವನಿಗೆ ದೊರೆತದ್ದು ಶಾಂತಿಪುರಾಣವೇ.

ಕಾವ್ಯದ ಮಾತು ಬೇರೆ, ಚಿತ್ರದ ಮಾತು ಬೇರೆ ಎಂದು ವಾಚಕರು ಆಕ್ಷೇಪಿಸಬಹುದು. ಅದು ನ್ಯಾಯವಾದ ಆಕ್ಷೇಪವೇ. ಅಕ್ಷರಗಳನ್ನು ಯಾರು ಬರೆದರೂ ಕಾವ್ಯ ಕಾವ್ಯವೇ. ಚಿತ್ರವಾದರೋ ಚಿತ್ರಕಾರನ ಕೈಯ ಒತ್ತಡದಲ್ಲಿ, ಬಣ್ಣದ ದಪ್ಪದಲ್ಲಿ ಇದೆ. ಮೊನೆ (1840–1926) ಜಿವರ್ನಿ ಎಂಬ ಹಳ್ಳಿಗೆ 1883ರಲ್ಲಿ ಬಂದು ನೆಲಸಿದನು. ಹತ್ತು ವರ್ಷಗಳ ತರುವಾಯ ಪಕ್ಕದ ಜಮೀನು ಕೊಂಡು ಕೊಳ ಮಾಡಿಸಿ ನೈದಿಲೆ ಬೆಳೆಸಿದನು. ಮುಂದೆ ಆ ಕೊಳದ ನೀರನ್ನೂ ಹೂಗಳನ್ನೂ ಸುಮಾರು 250 ಚಿತ್ರಗಳಲ್ಲಿ ಬರೆದನು. ಕಣ್ಣಿಗೆ ಪೊರೆ ಬಂದು 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆಯೂ ಕುಂಚ ಬಿಡಲಿಲ್ಲ. ಅವನು ರಾಷ್ಟ್ರಕ್ಕೆ ಕೊಟ್ಟ ಭಾರಿ ಫಲಕಗಳನ್ನು 1927ರಿಂದ ಪ್ಯಾರಿಸಿನ ಒರಾಂಜರಿಯ ಎರಡು ಅಂಡಾಕಾರದ ಕೋಣೆಗಳಲ್ಲಿ ಇರಿಸಿದ್ದಾರೆ. ಆ ಕೋಣೆಯ ನಡುವೆ ನಿಂತವನಿಗೆ ಆಗುವ ಅನುಭವ ನನ್ನ ಪಡಸಾಲೆಯ ಎರಡು ಮೊಳದ ಬಟ್ಟೆಯಿಂದ ಆಗದು. ಇದನ್ನು ಒಪ್ಪಿಕೊಳ್ಳಲೇಬೇಕು. ನೈದಿಲೆ ಇಪ್ಪತ್ತೊಂದನೆಯ ತೀರ್ಥಂಕರರಾದ ನಮಿನಾಥರ ಲಾಂಛನವೆಂಬ ಕಾರಣದಿಂದ ಸೊಸೆ ಈ ಚಿತ್ರವನ್ನು ಆರಿಸಿದಳು. ಮೊನೆಗೆ ಆ ಸಂಗತಿ ತಿಳಿದಿರಲಾರದು. ತಿಳಿಯದಿದ್ದರೆ ನಷ್ಟವೇನೂ ಇಲ್ಲ.

ನಮ್ಮ ಶಾಸ್ತ್ರದಲ್ಲಿ ಇದಕ್ಕೊಂದು ದಾರಿಯಿದೆ. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆ ಎಂದರೆ ಒಂದರಲ್ಲಿ ಇನ್ನೊಂದನ್ನು ಅದೇ ಎಂದು ಇಟ್ಟು ಕಾಣುವುದು. ಜಿನಬಿಂಬಕ್ಕೆ ಕೈಮುಗಿಯುವವನು ಶಿಲೆಯನ್ನು ಕೇವಲಿಯೆಂದು ಭ್ರಮಿಸುವುದಿಲ್ಲ. ಶಿಲೆ ಶಿಲೆಯೆಂದು ಬಲ್ಲನು, ಬಲ್ಲವನಾಗಿಯೇ ಅದರ ಮೂಲಕ ನೆನೆಯುತ್ತಾನೆ. ಮುದ್ರಿತ ಪ್ರತಿಯನ್ನೂ ಹೀಗೆ, ಪ್ರತಿಯೆಂದು ಬಲ್ಲವನಾಗಿ ನೋಡಿದರೆ ಅದರಲ್ಲಿ ಅಸತ್ಯದ ಲೇಪವಿಲ್ಲ. ಪೂಜ್ಯವಾದ ಬಿಂಬಕ್ಕೂ ಮನೆಯ ಅಲಂಕಾರಕ್ಕೂ ಸಮಾನತೆ ಹೇಳುತ್ತಿಲ್ಲವೆಂದು ಹಿರಿಯರು ದಯವಿಟ್ಟು ತಿಳಿಯಬೇಕು.

ಉಳಿದ ಅತಿಚಾರಗಳನ್ನೂ ನೋಡಬೇಕಷ್ಟೆ. ಬದುಕಿರುವ ಅಥವಾ ಈಚೆಗೆ ತೀರಿಕೊಂಡ ಚಿತ್ರಕಾರನ ಕೃತಿಯನ್ನು ಅನುಮತಿಯಿಲ್ಲದೆ ಅಚ್ಚು ಹಾಕಿ ಮಾರಿದರೆ ಕೊಂಡವನೂ ಕದ್ದ ಮಾಲನ್ನು ಕೊಂಡಂತೆಯೇ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆ ಇಂದು ಕೃತಿಕಾರನು ತೀರಿಕೊಂಡ ಬಳಿಕ 60 ವರ್ಷಗಳ ತನಕ ಹಕ್ಕನ್ನು ಉಳಿಸುತ್ತದೆ. 1954ರಲ್ಲಿ ತೀರಿದ ಮತೀಸನ ಚಿತ್ರಗಳು ಇಲ್ಲಿ 2014ರ ಕೊನೆಗೆ ಮುಕ್ತವಾದವು. 1985ರಲ್ಲಿ ತೀರಿದ ಶಗಾಲನವು 2045ರ ತನಕ ಆಗುವುದಿಲ್ಲ. ಅಂಗಡಿಗಳಲ್ಲಿ ಇಬ್ಬರ ಪಟಗಳೂ ಒಂದೇ ಸಾಲಿನಲ್ಲಿ ತೂಗುತ್ತಿದ್ದರೆ ಕೊಳ್ಳುವ ಶ್ರಾವಕನು ಕೇಳಿ ತಿಳಿಯಬೇಕು. ಮೊನೆಯ ವಿಷಯದಲ್ಲಿ ಆ ತೊಡಕಿಲ್ಲ.

ಇಲ್ಲಿಯೇ ಒಂದು ಮಾತು. ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳಾದ ಧವಲ, ಜಯಧವಲಗಳ ತಾಳೆಯೋಲೆಗಳು ಶತಮಾನಗಳ ಕಾಲ ಅಲ್ಲಿಯೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾದಾಗ ಪ್ರತಿಯೂ ಅಲ್ಲಿಂದ ಹೊರಗೆ ಹೋಗಬಾರದೆಂಬುದು ಇಂಗಿತ. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿದರು. ಅದು ಸಹಾರನಪುರಕ್ಕೆ ಹೋಯಿತು. ಮುಂದೆ ಹೀರಾಲಾಲ ಜೈನರು 1939ರಿಂದ ಧವಲವನ್ನು ಅಚ್ಚಿಗೆ ತರುವಂತಾದುದು ಹೀಗೆ ಹರಡಿದ ಪ್ರತಿಗಳಿಂದಲೇ. ಉಪಾಧ್ಯಾಯರು ಮಾಡಿದ್ದು ಕಳವೇ? ನಾನು ಹೌದೆನ್ನಲಾರೆ, ಅಲ್ಲವೆನ್ನಲೂ ಆರೆ. ಆ ಗ್ರಂಥವನ್ನು ಇಂದು ಓದುವ ಪ್ರತಿಯೊಬ್ಬನೂ ಆ ಪ್ರಶ್ನೆಯ ಋಣದಲ್ಲಿದ್ದಾನೆ. ನನ್ನ ಗೋಡೆಯ ಪಟಕ್ಕೆ ಅಂತಹ ಲೋಕೋಪಕಾರದ ರಕ್ಷಣೆಯಿಲ್ಲವಾದ್ದರಿಂದ ಈ ಉದಾಹರಣೆಯನ್ನು ನನ್ನ ಪರವಾಗಿ ಬಳಸಿಕೊಳ್ಳುವುದಿಲ್ಲ.

ಇಷ್ಟೆಲ್ಲ ವಿಚಾರಿಸಿ ಅಣ್ಣನವರಿಗೆ ಉತ್ತರ ಸಿದ್ಧಮಾಡಿಕೊಂಡಿದ್ದೆ. ಆದರೆ ಅಷ್ಟರಲ್ಲಿ ಬೇರೊಂದು ನಡೆಯಿತು.

ಈಗಿನ ಮುದ್ರಣದಲ್ಲಿ ಕಾಗದದ ಬದಲು ಚಿತ್ರಕಾರರು ಬಳಸುವಂತಹ ಕ್ಯಾನ್ವಾಸ್ ಬಟ್ಟೆಯ ಮೇಲೆಯೇ ಶಾಯಿ ಸಿಂಪಡಿಸಿ ಅಚ್ಚು ಹಾಕುತ್ತಾರೆ. ಕೆಲವರು ಅದರ ಮೇಲೆ ಪಾರದರ್ಶಕವಾದ ಅಂಟನ್ನು ಕುಂಚದಿಂದ ಎಳೆದು ಗೆರೆಗಳನ್ನು ಎಬ್ಬಿಸುತ್ತಾರೆ. ನಮ್ಮ ಪಟವೂ ಅಂತಹುದೇ. ಭೂತಗನ್ನಡಿ ಹಿಡಿದರೆ ಬಣ್ಣದ ಚುಕ್ಕೆಗಳು ತೋರುತ್ತವೆ. ಎಬ್ಬಿಸಿದ ಗೆರೆಗಳಿಗೂ ಕೆಳಗಿನ ಬಣ್ಣಕ್ಕೂ ಸಂಬಂಧವೇ ಇಲ್ಲ. ಬರಿಗಣ್ಣಿಗೆ ಮಾತ್ರ ಕೈಯಿಂದ ಬರೆದಂತೆಯೇ ಕಾಣುತ್ತದೆ. ಈ ಗೆರೆಗಳು ನೋಡುವವನ ಸಂತೋಷಕ್ಕಾಗಿಯೋ, ಅವನ ಭ್ರಮೆಗಾಗಿಯೋ? ಕೊಳ್ಳುವಾಗ ನಾನು ಆ ಪ್ರಶ್ನೆ ಕೇಳಲಿಲ್ಲ. ಬರಿಯ ಕಾಗದದ ಪಟ ಅರ್ಧ ಬೆಲೆಗೆ ಸಿಗುತ್ತಿತ್ತು, ಅದನ್ನು ಬಿಟ್ಟು ಇದನ್ನು ಆರಿಸಿದೆ.

ಜಿನಮಂದಿರದ ಟ್ರಸ್ಟಿನ ಖಜಾಂಚಿಗಳು ವಂತಿಗೆಗೆಂದು ಬಂದಿದ್ದರು. ಪಟವನ್ನು ಬೆರಳಿನಿಂದ ಮುಟ್ಟಿ ನೋಡಿ, "ಕೈಯಿಂದ ಬರೆದದ್ದು! ಲಕ್ಷಕ್ಕೆ ಕಮ್ಮಿ ಇರಲಿಕ್ಕಿಲ್ಲ," ಎಂದರು. ನಾನು ಸುಮ್ಮನೆ ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸತ್ಯಾಣುವ್ರತಿಯೆಂದು ಹೇಳಿಕೊಳ್ಳುವ ನನಗೆ ಆ ಕ್ಷಣದಲ್ಲಿ ಹಿತವಾಯಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಸಂಜೆಯ ಪ್ರತಿಕ್ರಮಣದಲ್ಲಿ ಕುಳಿತಾಗ ಅದೇ ನೆನಪಾಯಿತು. ಮೂರ್ಛೆಯೇ ಪರಿಗ್ರಹವೆಂದು ಬಾಲ್ಯದಿಂದ ಪಾಠ ಹೇಳಿಕೊಂಡು ಬಂದಿದ್ದೇವೆ. ಮೂಲ ಚಿತ್ರವನ್ನು ಕೋಟಿ ಕೊಟ್ಟು ಕೊಂಡವನಿಗೆ ಬೀಗ, ಕಾವಲು, ಭಯ ಇರುತ್ತವೆ. ನಾಲ್ಕು ಸಾವಿರದ ಪ್ರತಿಗೆ ಅವಾವುವೂ ಇಲ್ಲವೆಂದು ನಾನು ಹಗುರವಾಗಿದ್ದೆ. ಆದರೆ ಮೂರ್ಛೆಗೆ ಮೂಲವಸ್ತುವೇ ಬೇಕಾಗಿಲ್ಲ. ಪರರ ಕಣ್ಣಿನಲ್ಲಿ ಹುಟ್ಟಿದ ತಪ್ಪು ಬೆಲೆಯೂ ಸಾಕು.

ಮರುದಿನವೇ ಹೋಗಿ ಹೇಳಬೇಕಾಗಿತ್ತು. ಹೋಗಲಿಲ್ಲ. ತಿಂಗಳೊಳಗೆ ಭಾಲ್ಕಿಯಿಂದ ಬಂದ ಬೀಗರೊಬ್ಬರು "ಆ ಲಕ್ಷದ ಪಟ ತೋರಿಸಿರಿ" ಎಂದರು. ವಾರ್ಷಿಕ ಸಭೆಯಲ್ಲಿ ಜೀರ್ಣೋದ್ಧಾರದ ಪಟ್ಟಿ ಓದುವಾಗ ನನ್ನ ಹೆಸರಿನ ಮುಂದಿನ ಅಂಕಿ ಕೇಳಿ, ಗೋಡೆಗೆ ಲಕ್ಷ, ದೇವರಿಗೆ ಇಷ್ಟೇ, ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಆಗ ಎದ್ದು ನಿಂತು ಹೇಳಿದೆ: ಅದು ಅಚ್ಚಿನ ಪ್ರತಿ, ಬೆಲೆ ನಾಲ್ಕು ಸಾವಿರ, ಖಜಾಂಚಿಗಳು ಮೋಸಹೋದದ್ದು ನನ್ನ ಮೌನದಿಂದ. ನಾಲ್ಕು ಜನರೆದುರು ಹೀಗೆ ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಟೀಕೆಯ ಅಂಜಿಕೆ ಬಂದ ಮೇಲೆ ನುಡಿದ ಸತ್ಯವದು. ಹೊಗಳಿಕೆ ಸಿಗುತ್ತಿದ್ದಾಗ ನುಡಿಯಲಿಲ್ಲ. ಆದ್ದರಿಂದ ಅದರ ಪುಣ್ಯವೆಷ್ಟೆಂದು ಲೆಕ್ಕ ಹಾಕಲು ಹೋಗಿಲ್ಲ.

ಮನೆಗೆ ಬಂದು "ಮೊನೆಯ ಚಿತ್ರದ ಮುದ್ರಿತ ಪ್ರತಿ" ಎಂದು ಚೀಟಿ ಬರೆದು ಚೌಕಟ್ಟಿನ ಕೆಳಗೆ ಅಂಟಿಸಿದೆ. "ಮಾಮಾ, ಪಟದ ಅಂದವೇ ಹೋಯಿತು," ಎಂದಳು ಸೊಸೆ. ಅಂದ ಸ್ವಲ್ಪ ಹೋದದ್ದು ನಿಜ. ಆದರೆ ಈಗ ಅದರ ಮುಂದೆ ನಿಂತಾಗ ನಾನು ಬೆಲೆಯನ್ನು ಬಿಟ್ಟು ನೀರನ್ನು ನೋಡುತ್ತೇನೆ. ಮುಂಜಾನೆಯ ಬೆಳಕು ಬಾಗಿಲಿನಿಂದ ಬಿದ್ದಾಗ ನೈದಿಲೆಗಳ ನಡುವಿನ ನೇರಳೆ ಬಣ್ಣ ಚೆನ್ನಾಗಿ ತೋರುತ್ತದೆ.

ಅಣ್ಣನವರು ಮೊನ್ನೆ ಮತ್ತೆ ಬಂದಿದ್ದರು. ಚೀಟಿಯನ್ನು ಓದಿದರು, ತಲೆದೂಗಿದರು. ಬಳಿಕ ಅಜ್ಜನವರ ಸರಸ್ವತಿಯ ಕಡೆಗೆ ತಿರುಗಿ, "ಹಂಗಾದರೆ ಇದಕ್ಕ?" ಎಂದು ಕೇಳಿದರು. ಅದಕ್ಕೂ ಒಂದು ಚೀಟಿ ಬರೆದಿಟ್ಟಿದ್ದೇನೆ. ನಮ್ಮ ಮನೆಯ ಮಕ್ಕಳೆಲ್ಲ ಅದರ ಮುಂದೆಯೇ ಅಕ್ಷರ ತಿದ್ದಿದವರು. ಅಂಟಿಸಲು ಇನ್ನೂ ಕೈ ಬಂದಿಲ್ಲ.