ಬೇಕು, ಬೇಡ, ಬೇಡು

ಪ್ರೌಢಶಾಲೆಯ ಇಂಗ್ಲಿಷ್ ಪಾಠದಲ್ಲಿ ‘ಬಿಸೀಚ್’ ಎಂಬ ಕ್ರಿಯಾಪದ ಬಂದರೆ ನಮ್ಮ ರಾಜಾಜಿನಗರದ ಮಕ್ಕಳು ‘ಬೇಡಿಕೊಳ್ಳು’ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಅದರೊಳಗೆ ‘ಸೀಕ್’, ಅಂದರೆ ಹುಡುಕು ಎಂಬ ಹಳೆಯ ಮಾತು ಅಡಗಿದೆ. ಅದೇ ಅರ್ಥದ ‘ಇಂಪ್ಲೋರ್’ ಲ್ಯಾಟಿನ್ನಿನಿಂದ ಬಂದದ್ದು. ಅದರ ಬುಡದಲ್ಲಿ ಅಳುವಿದೆ.

ನಮ್ಮಲ್ಲೇನು ಇಂಥ ಪದಗಳಿಗೆ ಬರವೇ? ಕೇಳು, ಬೇಡು, ಗೋಗರೆ, ಅಂಗಲಾಚು ಎಂದು ಮೆಟ್ಟಿಲಿಳಿದ ಹಾಗೆ ಇಳಿಯುತ್ತ ಹೋಗಬಹುದು. ಮೊರೆಯಿಡುವುದರಲ್ಲಿ ಕಡಲು ಮೊರೆಯುವ ದನಿಯೇ ಇದೆ. ಬಿನ್ನಹ ಮಾತ್ರ ಮಾನವಂತ ಪದ. ಸಂಸ್ಕೃತದ ವಿಜ್ಞಾಪನೆಯ ತದ್ಭವ ಅದು, ತಿಳಿಸುವುದು ಎಂದಷ್ಟೇ ಮೂಲಾರ್ಥ. ನನಗೆ ಸೋಜಿಗವೆನಿಸುವುದು ಬೇಕು, ಬೇಡ, ಬೇಡು ಈ ಮೂರೂ ಒಂದೇ ಬೇರಿನವು ಎಂಬುದು. ತಮಿಳಿನ ವೇಂಡುಂ, ವೇಂಡಾಂ ಕೂಡ ಇದೇ ಬಳಗ. ಬೇಕೆನ್ನುವುದಕ್ಕೂ ಬೇಡುವುದಕ್ಕೂ ಬೇರು ಒಂದೇ ಆದಮೇಲೆ ಬೇಡುವುದಕ್ಕೆ ಮಾತ್ರ ಈ ದೈನ್ಯ ಎಲ್ಲಿಂದ ಅಂಟಿತು? ಬಲಿಯ ಮುಂದೆ ಮೂರು ಹೆಜ್ಜೆ ನೆಲ ಕೇಳಲು ವಿಷ್ಣುವೇ ಕುಳ್ಳನಾಗಬೇಕಾಯಿತಲ್ಲ!

ದೇವರ ಮುಂದೆ ಬೇಡುವುದಕ್ಕೆ ನನ್ನ ತಕರಾರಿಲ್ಲ. ಮಾತು ಬಿಟ್ಟ ತಂಗಿಯ ಮನೆ ಬಾಗಿಲಲ್ಲಿ ನಿಂತು ‘ದಮ್ಮಯ್ಯ ಅಂತೀನಿ, ಮಾತಾಡೇ’ ಎನ್ನುವುದೂ ಅವಮಾನವಲ್ಲ. ಪ್ರೀತಿ, ಕ್ಷಮೆ ಯಾರ ಹಕ್ಕೂ ಅಲ್ಲ, ಬೇಡಿಯೇ ಪಡೆಯಬೇಕು. ಆದರೆ ನಮ್ಮದೇ ಆದದ್ದನ್ನು ಬೇಡಬಹುದೇ? ಮನೆಖರ್ಚಿನ ಹಣಕ್ಕೆ ಗಂಡ ಕಾಫಿ ಕುಡಿದು ಖುಷಿಯಾಗಿರುವ ಹೊತ್ತು ನೋಡಿ ಬಾಯಿ ತೆರೆಯುವ ಉಪಾಯ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿಲ್ಲ, ನೀವೇ ಹೇಳಿ. ಅದನ್ನು ಜಾಣತನವೆಂದು ಹೆಣ್ಣುಮಕ್ಕಳಿಗೆ ಕಲಿಸಿಯೂ ಇದ್ದೇವೆ. 2023ರಲ್ಲಿ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಶುರುವಾದಾಗ ವಿಜಯನಗರದ ನನ್ನ ಓರಗಿತ್ತಿ, ‘ಅಕ್ಕಾ, ಕೇಳದೆ ಬಂದ ದುಡ್ಡು ಇದೊಂದೇ’ ಅಂದಳು. ದುಡ್ಡು ದೊಡ್ಡದಲ್ಲ, ಕೇಳದೆ ಬಂತು ಎಂಬುದೇ ಅವಳಿಗೆ ದೊಡ್ಡದಾಗಿತ್ತು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂತು. ಕೇಳಿದ ಮಾಹಿತಿಯನ್ನು ಸಾಮಾನ್ಯವಾಗಿ 30 ದಿನದೊಳಗೆ ಕೊಡಬೇಕು, ಏಕೆ ಬೇಕೆಂದು ಕಾರಣ ಕೇಳುವಂತಿಲ್ಲ. ನಮ್ಮ ರಾಜ್ಯದ ಸಕಾಲ ಕಾಯಿದೆ 2011ರದು. ಗೊತ್ತುಮಾಡಿದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು ಅದರಲ್ಲಿದೆ. ಆದರೆ ಕಾಯಿದೆಗೆ ಗೊತ್ತಿರುವುದು ಅರ್ಜಿ, ಕಿಟಕಿಯ ಆಚೆ ಕುಳಿತವರಿಗೆ ಗೊತ್ತಿರುವುದು ಬಾಗಿದ ಬೆನ್ನು.

ನಮ್ಮ ಬೀದಿಗೆ ಹೂ ತರುವ ಹೆಂಗಸು ವಿಧವಾ ವೇತನಕ್ಕೆ ಮನವಿ ಬರೆಸಿಕೊಳ್ಳಲು ಬಂದಿದ್ದಳು. ನಾನು ಮರ್ಯಾದೆಯಾಗಿ, ನೇರವಾಗಿ, ನಾಲ್ಕು ಸಾಲಿನಲ್ಲಿ ಬರೆದೆ. ಓದಿಸಿ ಕೇಳಿದವಳಿಗೆ ಸಮಾಧಾನವಾಗಲಿಲ್ಲ. ‘ಟೀಚರಮ್ಮಾ, ಇದು ಬಲೇ ಬಿರುಸಾಯ್ತು. ತಮ್ಮ ಪಾದಕ್ಕೆ ಬೀಳ್ತೀನಿ ಅಂತ ಹಾಕಿ’ ಎಂದಳು. ನಾನು ಹಾಕಲಾರೆ ಎಂದೆ. ಅದು ನಿನ್ನ ಹಕ್ಕು ಕಣಮ್ಮಾ ಎಂದು ತಿಳಿಯಹೇಳಿದೆ.

‘ಅಕ್ಕು ನಿಮ್ಮಂತೋರಿಗೆ. ನಂಗೆ ದುಡ್ಡು ಬೇಕು’ ಎಂದಳು.

ನನ್ನ ಸ್ವಾಭಿಮಾನವನ್ನು ಅವಳ ಹೊಟ್ಟೆಯ ಖರ್ಚಿನಲ್ಲಿ ಕಾಪಾಡಿಕೊಳ್ಳುವುದು ನ್ಯಾಯವೇ? ಹಾಗೆಂದು ಅವಳ ಪರವಾಗಿ ನಾನು ಆ ಸಾಲು ಬರೆದರೆ, ನಾಳೆ ಅದೇ ಕಿಟಕಿಯಲ್ಲಿ ನಿಲ್ಲುವ ಇನ್ನೊಬ್ಬಳೂ ಪಾದಕ್ಕೆ ಬೀಳಬೇಕಾಗುತ್ತದೆ. ಎರಡನ್ನೂ ತೂಗಿ ನೋಡಿ, ಬರೆಯಲಾರೆ ಎಂಬ ಮಾತಿಗೇ ನಿಂತೆ. ಅವಳು ಬೇಸರಿಸಲಿಲ್ಲ. ಬೀದಿ ಕೊನೆಯ ಜೆರಾಕ್ಸ್ ಅಂಗಡಿಯ ಹುಡುಗನ ಕೈಲಿ ಆ ಸಾಲನ್ನು ಕೆಳಗೆ ಸೇರಿಸಿ, ಹೆಬ್ಬೆಟ್ಟು ಒತ್ತಿ ಕೊಟ್ಟುಬಂದಳಂತೆ.

ವೇತನ ಮಂಜೂರಾಯಿತು. ಸಂತೋಷಕ್ಕೆ ಎರಡು ಮೊಳ ಮಲ್ಲಿಗೆ ಹೆಚ್ಚಿಗೆ ಕೊಟ್ಟು, ‘ನಾನೇಳಿದ್ದು ನಿಜ ಆಯ್ತಾ?’ ಎಂದು ನಕ್ಕಳು. ನನ್ನ ನಾಲ್ಕು ಸಾಲೇ ಸಾಕಾಗುತ್ತಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ, ಅವಳು ಒಪ್ಪುವುದಿಲ್ಲ.