ಉದ್ದೇಶವಿಲ್ಲದ ಕೊಲೆಗೆ ಹೊಣೆ ಯಾರು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಅಂಚು ಮೀರಿ ಹೊರಚಾಚಿದ ಕಬ್ಬು, ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ನಿಪ್ಪಾಣಿಯಿಂದ ಚಿಕ್ಕೋಡಿ ಮೂಲಕ ಮುಧೋಳದತ್ತ ಸಾಗುವ ರಾಜ್ಯ ಹೆದ್ದಾರಿಯಾಗಲಿ, ಅಥಣಿಯಿಂದ ಕಾಗವಾಡ ದಾಟಿ ಮಿರಜಿಗೆ ಹೋಗುವ ದಾರಿಯಾಗಲಿ, ರಾತ್ರಿ ಬೈಕಿನಲ್ಲಿ ಹೊರಟವನಿಗೆ ಎರಡು ಕಣ್ಣು ಸಾಲವು. ಅಂಥ ದಾರಿಯಲ್ಲಿ ಇರುವ ಎರಡು ಕಣ್ಣನ್ನೂ ಮೊಬೈಲಿಗೆ ಒಪ್ಪಿಸಿ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸಂದೇಶ ಬರೆಯುತ್ತ ಹೋಗುವವರನ್ನು ದಿನವೂ ಕಾಣುತ್ತೇವೆ. ಕಂಡು ಕಂಡು ರೂಢಿಯಾಗಿದೆ. ಅದು ತಪ್ಪು ಎನಿಸುವುದೇ ನಿಂತುಹೋಗಿದೆ.

ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಂದೇಶ ಬರೆಯುವ ಲಾರಿ ಚಾಲಕರ ಕಣ್ಣು ಪ್ರತಿ 6 ಸೆಕೆಂಡಿನಲ್ಲಿ ಸುಮಾರು 4.6 ಸೆಕೆಂಡು ರಸ್ತೆಯ ಮೇಲೆ ಇರುವುದಿಲ್ಲ ಎಂದು ತಿಳಿದುಬಂತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಅಷ್ಟು ಹೊತ್ತಿನಲ್ಲಿ 75 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಷ್ಟು ದೂರ ಗಾಡಿ ಓಡಿಸಿದಂತೆ. ಹಾಗೆ ಮಾಡೆಂದು ಪಂಥ ಕಟ್ಟಿದರೂ ಯಾರೂ ಒಪ್ಪಲಿಕ್ಕಿಲ್ಲ. ಮೊಬೈಲು ಮಾತ್ರ ಪಂಥವಿಲ್ಲದೆಯೇ ಒಪ್ಪಿಸಿಬಿಡುತ್ತದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಇಬ್ಬರು ಯುವಕರು ಒಂದೇ ಸಂಜೆ, ಒಂದೇ ರಸ್ತೆಯಲ್ಲಿ, ಒಂದೇ ರೀತಿ ಸಂದೇಶ ಬರೆಯುತ್ತ ಗಾಡಿ ಓಡಿಸಿದರೆನ್ನಿ. ಒಬ್ಬನ ಮುಂದೆ ಯಾರೂ ಅಡ್ಡ ಬರಲಿಲ್ಲ; ಮನೆಗೆ ಹೋಗಿ ಉಂಡು ಮಲಗಿದ. ಇನ್ನೊಬ್ಬನ ಮುಂದೆ ಒಂದು ಮಗು ರಸ್ತೆ ದಾಟುತ್ತಿತ್ತು. ಮೊದಲನೆಯವನು ಸಭ್ಯ, ಎರಡನೆಯವನು ಕೊಲೆಗಾರ ಎನ್ನುತ್ತದೆ ಲೋಕ. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸವಲ್ಲವೇ? ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ತತ್ವಜ್ಞಾನಿಗಳು 1976ರಲ್ಲಿ ಇದನ್ನೇ ಚರ್ಚೆಗೆ ತಂದರು. ಇಬ್ಬರೂ ಲಾರಿ ಚಾಲಕನ ಉದಾಹರಣೆಯನ್ನೇ ಕೊಟ್ಟರು. ಮನುಷ್ಯನ ತಪ್ಪನ್ನು ಅವನ ನಡತೆಯಿಂದ ಅಳೆಯಬೇಕೋ, ಅದೃಷ್ಟದಿಂದ ಅಳೆಯಬೇಕೋ ಎಂಬುದು ಅವರ ಪ್ರಶ್ನೆ. ಮನೆಗೆ ಸುರಕ್ಷಿತವಾಗಿ ತಲುಪಿದವನು ನಿರಪರಾಧಿಯಲ್ಲ, ಬರೀ ಅದೃಷ್ಟವಂತ ಎಂದು ಒಪ್ಪಿಕೊಂಡರೆ ನಮ್ಮಲ್ಲಿ ಎಷ್ಟು ಜನ ತಲೆಯೆತ್ತಿ ನಿಲ್ಲಬಲ್ಲೆವು?

'ಕೊಲ್ಲುವ ಉದ್ದೇಶ ನನಗಿರಲಿಲ್ಲ' ಎಂಬ ಮಾತು ಇಂಥ ಪ್ರಸಂಗದಲ್ಲಿ ತಪ್ಪದೆ ಕೇಳಿಬರುತ್ತದೆ. ಕರ್ಮಗಳೆಲ್ಲ ನಿಯ್ಯತ್ತನ್ನು ಅವಲಂಬಿಸಿವೆ ಎಂದು ನಂಬುವ ಮುಸ್ಲಿಮರಿಗೆ ಈ ಮಾತು ಇನ್ನೂ ಹಿತವಾಗಿ ಕೇಳಿಸಬಹುದು. ಆದರೆ ಅದೇ ಶರೀಅತ್ತಿನಲ್ಲಿ 'ಕತ್ಲೆ ಖತಾ', ಅಂದರೆ ಉದ್ದೇಶವಿಲ್ಲದೆ ಆದ ಕೊಲೆಗೂ ಹೊಣೆಯಿದೆ. ಸತ್ತವನ ಮನೆಯವರಿಗೆ ದಿಯತ್ ಎಂಬ ಪರಿಹಾರ ಸಲ್ಲಬೇಕು, ಅವರೇ ಬಿಟ್ಟುಕೊಟ್ಟರೆ ಬೇರೆ ಮಾತು. ಅದರ ಮೇಲೆ ಕಫ್ಫಾರಾ ಎಂಬ ಪ್ರಾಯಶ್ಚಿತ್ತ: ಒಬ್ಬ ಗುಲಾಮನ ಬಿಡುಗಡೆ, ಅದು ಆಗದವನಿಗೆ ಸತತ ಎರಡು ತಿಂಗಳ ರೋಜಾ. ಉದ್ದೇಶವಿಲ್ಲ ಎಂಬುದು ಶಿಕ್ಷೆಯ ಸ್ವರೂಪ ಬದಲಿಸುತ್ತದೆ, ಹೋದ ಜೀವದ ಬೆಲೆ ಇಳಿಸುವುದಿಲ್ಲ. ಮೊಬೈಲಿನ ವಿಷಯದಲ್ಲಂತೂ ಇನ್ನೊಂದು ಮಾತಿದೆ. ಕೊಲ್ಲುವ ನಿಯ್ಯತ್ತು ಇರಲಿಕ್ಕಿಲ್ಲ; ಆದರೆ ರಸ್ತೆಯಿಂದ ಕಣ್ಣು ತೆಗೆಯುವ ನಿಯ್ಯತ್ತು ಇತ್ತಲ್ಲ!

ಕಾನೂನು ಇದನ್ನು ತಡವಾಗಿಯಾದರೂ ಗುರುತಿಸಿತು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದಾಗ, ಗಾಡಿ ಓಡಿಸುತ್ತ ಕೈಯಲ್ಲಿ ಮೊಬೈಲು ಬಳಸುವುದನ್ನು 184ನೇ ಕಲಮಿನ ಅಪಾಯಕಾರಿ ಚಾಲನೆಯಲ್ಲಿ ಸ್ಪಷ್ಟವಾಗಿ ಸೇರಿಸಲಾಯಿತು. ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಜೈಲು. ಅದು ಜಾರಿಯಾದ ಸೆಪ್ಟೆಂಬರ್ ತಿಂಗಳಲ್ಲೇ, ಜನರ ಸಿಟ್ಟು ಕಂಡು, ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ದಂಡದ ಬಗ್ಗೆ ಎದ್ದಷ್ಟು ಕೂಗು ಸಾವಿನ ಬಗ್ಗೆ ಏಳಲಿಲ್ಲ. 2021ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,53,972 ಮಂದಿ. ಅದರಲ್ಲಿ ಮೊಬೈಲಿನಿಂದಾದ ಸಾವು ಎಂದು ಸರ್ಕಾರಿ ವರದಿಯಲ್ಲಿ ಬರೆದದ್ದು 1,040 ಮಾತ್ರ. ಈ ಸಣ್ಣ ಅಂಕಿಯಿಂದ ಸಮಾಧಾನ ಪಡುವಂತಿಲ್ಲ. ಅಪಘಾತವಾದ ಮೇಲೆ ಮೊಬೈಲು ಜೇಬು ಸೇರುತ್ತದೆ. ಪಂಚನಾಮೆಯಲ್ಲಿ 'ಅತಿವೇಗ' ಎಂದು ಬರೆಯುವುದು ಸುಲಭ.

ಇನ್ನು ತಂತ್ರಜ್ಞಾನ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯ 2019ರ ಡಿಸೆಂಬರಿನಲ್ಲಿ ಚಾಲಕನ ಕೈಯಲ್ಲಿರುವ ಮೊಬೈಲನ್ನು ಪತ್ತೆಹಚ್ಚುವ ಕ್ಯಾಮರಾಗಳನ್ನು ರಸ್ತೆಗಿಳಿಸಿತು. ಅಂಥ ಕ್ಯಾಮರಾಗಳು 2022ರ ಕೊನೆಗೆ ಬೆಂಗಳೂರಿನ ವೃತ್ತಗಳಿಗೂ ಬಂದವು. ಹಳ್ಳಿಯ ಕಬ್ಬಿನ ಗದ್ದೆಯ ನಡುವಿನ ದಾರಿಗೆ ಅವು ಯಾವಾಗ ಬಂದಾವು? ಮೊಬೈಲನ್ನೇ ಸುಮ್ಮನಾಗಿಸುವ ಉಪಾಯವೂ ಇದೆ. ಚಾಲಕನ ಫೋನಿಗೆ ಬೀಗ ಹಾಕುವ ವಿಧಾನಕ್ಕೆ ಆಪಲ್ ಕಂಪನಿ 2008ರಲ್ಲೇ ಅರ್ಜಿ ಹಾಕಿ 2014ರಲ್ಲಿ ಪೇಟೆಂಟ್ ಪಡೆಯಿತು. ಚಾಲನೆಯ ವೇಳೆ ಸಂದೇಶಗಳನ್ನು ತಡೆದಿಡುವ ಸೌಲಭ್ಯ ಅದರ ಫೋನುಗಳಲ್ಲಿ ಬಂದದ್ದು 2017ರಲ್ಲಿ. ಅದೂ ಬೇಕಾದವರು ಹಾಕಿಕೊಳ್ಳುವಂತೆ, ಬೇಡವಾದವರು ತೆಗೆಯುವಂತೆ. ಗಾಡಿಯಲ್ಲಿ ಚಾಲಕ ಯಾರು, ಹಿಂದೆ ಕುಳಿತವ ಯಾರು ಎಂಬುದು ಫೋನಿಗೆ ತಿಳಿಯುವುದು ಕಷ್ಟ ಎಂಬ ಕಾರಣವೂ ಇದೆ. ಕೊನೆಗೆ ಯಂತ್ರವೂ ನಮ್ಮ ನಿಯ್ಯತ್ತನ್ನೇ ಕೇಳುತ್ತದೆ.

ಬೀಗ ಹಾಕಿ ಕಾಯ್ದ ಒಳ್ಳೆಯತನ ಒಳ್ಳೆಯತನವೇ ಅಲ್ಲ ಎನ್ನುವವರಿದ್ದಾರೆ. ಮಾತು ನಿಜವಿರಬಹುದು. ಆದರೆ ರಸ್ತೆ ದಾಟುವ ಮಗುವಿಗೆ ಚಾಲಕನ ಆತ್ಮಶುದ್ಧಿಗಿಂತ ಮೊದಲು ಬೇಕಾದದ್ದು ಅವನ ಎರಡು ಕಣ್ಣು. ಅವು ದಂಡದ ಭಯದಿಂದ ರಸ್ತೆಯ ಮೇಲಿದ್ದರೂ ಸರಿ, ಬೀಗದಿಂದ ಇದ್ದರೂ ಸರಿ.

ಹೊಣೆ ಚಾಲಕನೊಬ್ಬನದೇ ಅಲ್ಲ. 'ಎಲ್ಲಿ ಬಂದಿ?' ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವ ಮನೆಯವರು, 'ಗಾಡಿ ಕಾರ್ಖಾನಿ ಮುಟ್ಟಿತೇನು?' ಎಂದು ಬೆನ್ನು ಬೀಳುವ ಮಾಲೀಕ, ಉತ್ತರ ತಡವಾದರೆ ಮುನಿಸಿಕೊಳ್ಳುವ ಗೆಳೆಯ, ಇವರೆಲ್ಲರ ಬೆರಳೂ ಆ ಫೋನಿನ ಮೇಲಿದೆ. ಸಲಾಮಿಗೆ ಉತ್ತರ ಕೊಡುವುದು ಮುಸ್ಲಿಮನ ಕರ್ತವ್ಯ. ಆದರೂ ನಮಾಜಿನಲ್ಲಿ ನಿಂತವನು ಸಲಾಮಿಗೆ ಬಾಯಿಬಿಟ್ಟು ಉತ್ತರಿಸುವುದಿಲ್ಲ. ಅದಕ್ಕೆ ಯಾರೂ ಸೊಕ್ಕು ಎನ್ನುವುದಿಲ್ಲ, ಮುಗಿಯುವತನಕ ಕಾಯುತ್ತಾರೆ. ಮಸೀದಿಯ ಬಾಗಿಲಲ್ಲಿ ಫೋನು ಬಂದ್ ಮಾಡಿರೆಂದು ಫಲಕ ಹಾಕುತ್ತೇವೆ. ಅಲ್ಲಿ ಫೋನು ಬಡಿದುಕೊಂಡರೆ ಕೆಡುವುದು ಏಕಾಗ್ರತೆ. ರಸ್ತೆಯಲ್ಲಿ ಹೋಗುವುದು ಜೀವ. ಗಾಡಿ ಓಡಿಸುವವನಿಗೂ ನಮಾಜಿನಲ್ಲಿರುವವನ ಮರ್ಯಾದೆಯನ್ನೇ ಕೊಡಲು ನಾವು ಕಲಿಯಬೇಕು. ಜುಮ್ಮಾದ ಪ್ರವಚನದಲ್ಲಿ ಖತೀಬರು, ಜಾತ್ರೆ ಉರುಸುಗಳಲ್ಲಿ ಹಿರಿಯರು, ಹಂಗಾಮಿನ ಮೊದಲ ದಿನ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಆಡಳಿತದವರು ಈ ಮಾತು ಹೇಳಿದರೆ ಅದಕ್ಕೆ ಯಾವ ಸರ್ಕಾರದ ಅನುದಾನವೂ ಬೇಕಿಲ್ಲ.

ದಾರಿಯ ಮೇಲಿನ ಮುಳ್ಳು ಕಲ್ಲು ಸರಿಸುವುದನ್ನೂ ಈಮಾನಿನ ಭಾಗವೆಂದು ಎಣಿಸಿದ ಪರಂಪರೆ ನಮ್ಮದು. ಇಂದು ದಾರಿಯ ಮೇಲಿನ ಮುಳ್ಳು ನಮ್ಮ ಕೈಯಲ್ಲೇ ಇದೆ. ಅದನ್ನು ಜೇಬಿಗಿಳಿಸಿ ಗಾಡಿ ಶುರು ಮಾಡುವುದು ಅಷ್ಟು ದೊಡ್ಡ ತ್ಯಾಗವೇನಲ್ಲ.