ಬಿಟ್ಟ ಮೀನು

ನಮ್ಮ ಮನೆಯವರು ನಿವೃತ್ತರಾದ ಮರುವರ್ಷ, 2005ರಲ್ಲಿ, ಬಿಣಗಾದಿಂದ ಕಾವೇರಿ ದಂಡೆಯ ಭೀಮೇಶ್ವರಿಗೆ ಹೋಗಿದ್ದೆವು. ಬೆಟ್ಟಗಳ ನಡುವೆ ಡೇರೆ. ಗಾಳಕ್ಕೆ ರಾಗಿಹಿಟ್ಟಿನ ಉಂಡೆ. ಸಂಜೆ ಇವರಿಗೊಂದು ಮಹಶೀರ್ ಸಿಕ್ಕಿತು. ಅರ್ಧ ಗಂಟೆ ಆಡಿಸಿ, ಫೋಟೋ ತೆಗೆಸಿಕೊಂಡು, ಅಲ್ಲಿಯ ನಿಯಮದಂತೆ ನೀರಿಗೆ ಬಿಟ್ಟರು.

"ಪಾಪ, ತುಟಿ ಹರಿದಿತ್ತು" ಎಂದೆ.

"ಜೀವ ಉಳಿಸಿದೆನಲ್ಲೇ ಮಾರಾಯ್ತಿ! ನೀನು ದಿನಾ ಬಂಗಡೆ ಕೊಯ್ಯುವುದಿಲ್ಲವೇ?"

ಕೊಯ್ಯುತ್ತೇನೆ. ಆದರೆ ಹಸಿವಿಗೆ ಕೊಯ್ಯುವುದೂ ಆಟಕ್ಕೆ ನೋಯಿಸುವುದೂ ಒಂದೇ ಏನು? ಹಾಗೆಂದು ವಾದ ಗೆದ್ದೆನೆನ್ನಲಾರೆ. ಗಾಳದವರ ಕಾವಲಿದ್ದುದರಿಂದಲೇ ಡೈನಮೈಟ್ ಸಿಡಿಸಿ ಮೀನು ಕೊಲ್ಲುವವರು ಅತ್ತ ಸುಳಿಯುತ್ತಿರಲಿಲ್ಲವಂತೆ. 2012ರ ಹೊತ್ತಿಗೆ ಆ ಅಭಯಾರಣ್ಯದಲ್ಲಿ ಗಾಳ ಹಾಕುವುದೇ ನಿಂತಿತು. ಸುದ್ದಿ ಓದಿದ ದಿನ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಇವರು ಮಾತ್ರ ಆ ಫೋಟೋವನ್ನು ಗೋಡೆಯಿಂದ ಇನ್ನೂ ಇಳಿಸಿಲ್ಲ.